ಎಲ್ಲ ಒಂದೇ ಮಾತ್ರೆಯಲ್ಲೋ, ಬೇರೆ ಬೇರೆಯೋ: ವಿಟಮಿನ್, ಖನಿಜದ ಮಾತ್ರೆ ಆರಿಸುವ ಬಗೆ

ಹಾಸನದ ಸಂತೆಪೇಟೆಯಲ್ಲಾಗಲಿ, ಚಿಕ್ಕಮಗಳೂರಿನ ಐ.ಜಿ. ರಸ್ತೆಯಲ್ಲಾಗಲಿ, ಮೆಡಿಕಲ್ ಶಾಪಿಗೆ ಹೋಗಿ ‘ತುಂಬಾ ಸುಸ್ತು, ಒಂದು ಶಕ್ತಿ ಮಾತ್ರೆ ಕೊಡಿ’ ಅಂದರೆ ಕೈಗೆ ಬರುವುದು ಹೆಚ್ಚಾಗಿ ಮಲ್ಟಿವಿಟಮಿನ್ ಸ್ಟ್ರಿಪ್. ಅದರ ಬೆನ್ನಿಗೆ ಇಪ್ಪತ್ತು, ಇಪ್ಪತ್ತೈದು ಹೆಸರು ಸಣ್ಣ ಅಕ್ಷರದಲ್ಲಿ ಅಚ್ಚಾಗಿರುತ್ತವೆ. ಇಷ್ಟೆಲ್ಲ ಇದ್ದಮೇಲೆ ನಮಗೆ ಬೇಕಾದದ್ದೂ ಇದರಲ್ಲಿ ಇದ್ದೇ ಇರುತ್ತದೆ ಅನ್ನಿಸುವುದು ಸಹಜ. ಇರುತ್ತದೆ, ನಿಜ. ಎಷ್ಟು ಇರುತ್ತದೆ ಎಂದು ನೋಡಿದಾಗಲೇ ವಿಷಯ ತಿಳಿಯುವುದು.

ರಕ್ತ ಪರೀಕ್ಷೆಯಲ್ಲಿ ಇಂಥದ್ದೇ ಕೊರತೆ ಎಂದು ಗೊತ್ತಾಗಿದ್ದರೆ ಅದಕ್ಕೆ ಬೇರೆ ಮಾತ್ರೆಯೇ ಬೇಕು. ಕೊರತೆ ಗೊತ್ತಾಗಿಲ್ಲ, ಆದರೆ ಊಟ ಸರಿಯಾಗಿ ಸೇರುತ್ತಿಲ್ಲ, ವಯಸ್ಸಾಗಿದೆ, ಕಾಯಿಲೆಯಿಂದ ಈಗಷ್ಟೇ ಎದ್ದಿದ್ದಾರೆ ಎಂಬಂಥವರಿಗೆ ಸ್ವಲ್ಪ ದಿನ ಎಲ್ಲ ಕೂಡಿದ ಮಾತ್ರೆ ಸಾಕು. ಎರಡನ್ನೂ ಒಟ್ಟಿಗೆ ತೆಗೆದುಕೊಳ್ಳುವವರು ಎರಡರ ಪ್ರಮಾಣವನ್ನೂ ಕೂಡಿಸಿ ನೋಡಲೇಬೇಕು. ಇದಿಷ್ಟು ಹೇಳುವುದು ಸುಲಭ. ಅಂಗಡಿಯಲ್ಲಿ ಸ್ಟ್ರಿಪ್ ಹಿಡಿದು ನಿಂತಾಗ ಏನು ನೋಡಬೇಕು ಎಂಬುದಕ್ಕೆ ಸ್ವಲ್ಪ ವಿವರ ಬೇಕು.

ಮೊದಲು ತಟ್ಟೆ ನೋಡಿ

ನಮ್ಮ ಎರಡು ಜಿಲ್ಲೆಗಳಲ್ಲೇ ಊಟ ಎರಡು ಥರ. ಅರಸೀಕೆರೆ, ಚನ್ನರಾಯಪಟ್ಟಣ, ಕಡೂರು ಕಡೆ ರಾಗಿ ಮುದ್ದೆ. ಮೂಡಿಗೆರೆ, ಕೊಪ್ಪ, ಶೃಂಗೇರಿ, ಸಕಲೇಶಪುರದ ಕಡೆ ಅನ್ನ, ಅಕ್ಕಿ ರೊಟ್ಟಿ, ಕಡುಬು. 100 ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಷ್ಟೇ ಬಿಳಿ ಅಕ್ಕಿಯಲ್ಲಿ 10 ಮಿಲಿಗ್ರಾಂ ಕೂಡ ಇಲ್ಲ. ದಿನಕ್ಕೆ 150 ಗ್ರಾಂ ಹಿಟ್ಟಿನ ಮುದ್ದೆ, ಕಾಲು ಲೀಟರ್ ಹಾಲೋ ಮೊಸರೋ, ಜೊತೆಗೆ ಒಂದು ಹೊತ್ತು ಸೊಪ್ಪಿನ ಸಾರು ಇದ್ದರೆ ಲೆಕ್ಕ 850 ಮಿಲಿಗ್ರಾಂ ದಾಟುತ್ತದೆ. ರಾಗಿಯಲ್ಲಿರುವ ಫೈಟೇಟ್ ಮತ್ತು ಒಗರಿನ ಅಂಶ ಅದರಲ್ಲಿ ಒಂದಷ್ಟನ್ನು ಮೈಗೆ ಹತ್ತಲು ಬಿಡುವುದಿಲ್ಲ. ಆದರೂ ದೊಡ್ಡವರಿಗೆ ದಿನಕ್ಕೆ ಬೇಕಾದ 1000 ಮಿಲಿಗ್ರಾಂಗೆ ಇದು ಹತ್ತಿರವೇ. ಇಂಥವರು ಮಂಡಿ ನೋವು ಎಂದ ಮಾತ್ರಕ್ಕೆ ದಿನಕ್ಕೆ ಎರಡು ಕ್ಯಾಲ್ಸಿಯಂ ಮಾತ್ರೆ ನುಂಗುವ ಅಗತ್ಯ ಇರುವುದಿಲ್ಲ.

ಅನ್ನವೇ ಮುಖ್ಯವಾಗಿದ್ದು, ಹಾಲನ್ನೆಲ್ಲ ಡೇರಿಗೆ ಹಾಕಿ ಮನೆಗೆ ಕಾಫಿಗಾಗುವಷ್ಟೇ ಉಳಿಸಿಕೊಳ್ಳುವ ಮನೆಯ ಲೆಕ್ಕ ಬೇರೆ. ಅಲ್ಲಿನ ಹೆಂಗಸರಿಗೆ, ಅದರಲ್ಲೂ ಮುಟ್ಟು ನಿಂತವರಿಗೆ, ಕ್ಯಾಲ್ಸಿಯಂ ನಿಜವಾಗಿಯೂ ಕಡಿಮೆ ಬೀಳುತ್ತದೆ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2020ರಲ್ಲಿ ಕೊಟ್ಟ ಪಟ್ಟಿಯ ಪ್ರಕಾರ ಮುಟ್ಟು ನಿಂತವರಿಗೆ ಮತ್ತು ಹಾಲುಣಿಸುವ ತಾಯಂದಿರಿಗೆ ಬೇಕಾದದ್ದು ದಿನಕ್ಕೆ 1200 ಮಿಲಿಗ್ರಾಂ.

ಕಬ್ಬಿಣದ ವಿಷಯದಲ್ಲಿ ನಮ್ಮ ಸೀಮೆಯ ತೊಡಕು ಕಾಫಿ. ಅದೇ ಪಟ್ಟಿಯಲ್ಲಿ ದೊಡ್ಡ ಹೆಂಗಸರಿಗೆ ದಿನಕ್ಕೆ 29 ಮಿಲಿಗ್ರಾಂ ಕಬ್ಬಿಣ ಎಂದಿದೆ, ಗಂಡಸರಿಗೆ 19. ಸೊಪ್ಪು, ಹುರುಳಿಕಾಳು, ರಾಗಿಯಿಂದ ಬರುವ ಕಬ್ಬಿಣ ಮೊದಲೇ ಮೈಗೆ ಹತ್ತುವುದು ಕಡಿಮೆ. ಅದರ ಮೇಲೆ ತಿಂಡಿಯ ಜೊತೆ ಅಥವಾ ತಿಂಡಿ ಆದೊಡನೆ ಲೋಟ ತುಂಬ ಕಾಫಿ ಬಿದ್ದರೆ ಇನ್ನೂ ಕಡಿಮೆಯಾಗುತ್ತದೆ. 1983ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಊಟದ ಜೊತೆ ಕುಡಿದ ಕಾಫಿಯಿಂದ ಕಬ್ಬಿಣ ಹೀರಿಕೆ ಶೇ 39ರಷ್ಟು ಕುಗ್ಗಿತು, ಟೀಯಿಂದ ಶೇ 64ರಷ್ಟು. ಊಟಕ್ಕೆ ಒಂದು ಗಂಟೆ ಮೊದಲು ಕುಡಿದ ಕಾಫಿಯಿಂದ ಏನೂ ತೊಂದರೆ ಆಗಲಿಲ್ಲ. ಊಟವಾಗಿ ಒಂದು ಗಂಟೆ ಬಿಟ್ಟು ಕುಡಿದಾಗಲೂ ಜೊತೆಯಲ್ಲಿ ಕುಡಿದಷ್ಟೇ ನಷ್ಟ ಆಯಿತು. ಕಾಫಿ ಬಿಡಿ ಎಂದು ಈ ಊರಿನವರಿಗೆ ಹೇಳುವುದು ನ್ಯಾಯವಲ್ಲ. ಎದ್ದ ಕೂಡಲೇ ಕುಡಿಯುವ ಕಾಫಿ ಹಾಗೇ ಇರಲಿ, ತಿಂಡಿ ಅದಾದ ಒಂದು ಗಂಟೆಗೆ ಆಗಲಿ. ತಿಂಡಿಯ ಬೆನ್ನಿಗೇ ಬರುವ ಎರಡನೇ ಲೋಟವನ್ನು ಎರಡು ಗಂಟೆ ಮುಂದೂಡಿ. ಊಟಕ್ಕೆ ಒಂದು ಹೋಳು ನಿಂಬೆಹಣ್ಣೋ, ನೆಲ್ಲಿಕಾಯಿಯೋ, ಸೀಬೆಹಣ್ಣೋ ಇದ್ದರೆ ಅದರಲ್ಲಿನ ವಿಟಮಿನ್ ಸಿ ಕಬ್ಬಿಣವನ್ನು ಎಳೆದುಕೊಳ್ಳಲು ನೆರವಾಗುತ್ತದೆ.

ಬಿ12 ಇರುವುದು ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಲ್ಲಿ ಮಾತ್ರ. ದಿನಕ್ಕೆ ಬೇಕಾದದ್ದು 2.2 ಮೈಕ್ರೊಗ್ರಾಂ. ಸಸ್ಯಾಹಾರಿಗಳಿಗೆ ಅದು ಸಿಗಬೇಕಾದರೆ ಹಾಲು, ಮೊಸರು ಸೇರಿ ಅರ್ಧ ಲೀಟರ್‌ನಷ್ಟು ಬೇಕು. ಕಾಫಿಗೆ ಬೀಳುವ ಎರಡು ಚಮಚ ಹಾಲು ಲೆಕ್ಕಕ್ಕೇ ಬರುವುದಿಲ್ಲ. ವಿಟಮಿನ್ ಡಿ ಊಟದಿಂದ ಸಿಗುವುದು ತೀರಾ ಕಡಿಮೆ, ಬಿಸಿಲಿನಿಂದಲೇ ಆಗಬೇಕು. ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲೇ ಅಪರೂಪ. ಬಯಲು ಸೀಮೆಯಲ್ಲೂ ಇಡೀ ದಿನ ಅಂಗಡಿಯಲ್ಲೋ ಆಫೀಸಿನಲ್ಲೋ ಕೂರುವವರಿಗೆ ಅದೇ ಪಾಡು. ಅಯೋಡಿನ್ ಬಗ್ಗೆ ಚಿಂತೆ ಬೇಡ. ಅಯೋಡಿನ್ ಸೇರಿಸಿದ ಉಪ್ಪನ್ನು ಮುಚ್ಚಳವಿರುವ ಡಬ್ಬಿಯಲ್ಲಿಟ್ಟು ಬಳಸುತ್ತಿದ್ದರೆ ಸಾಕು.

ಪರೀಕ್ಷೆ ಮೊದಲು, ಮಾತ್ರೆ ಆಮೇಲೆ

ಸುಸ್ತು ಒಂದೇ, ಕಾರಣ ಹಲವು. ರಕ್ತ ಕಡಿಮೆಯಾಗಿರಬಹುದು, ಥೈರಾಯ್ಡ್ ಇರಬಹುದು, ಶುಗರ್ ಇರಬಹುದು, ನಿದ್ದೆ ಸಾಲದೆ ಇರಬಹುದು. ಕುರುಡಾಗಿ ಮಲ್ಟಿವಿಟಮಿನ್ ಶುರು ಮಾಡಿ ಎರಡು ತಿಂಗಳು ನುಂಗಿ ಆಮೇಲೆ ಪರೀಕ್ಷೆಗೆ ಹೋದರೆ ರಿಪೋರ್ಟಿನ ಅಂಕಿ ಅರ್ಧಂಬರ್ಧ ಏರಿರುತ್ತದೆ, ನಿಜವಾದ ಕೊರತೆ ಮರೆಯಾಗಿರುತ್ತದೆ. ಇದರಲ್ಲಿ ಹೆಚ್ಚು ಅಪಾಯದ್ದು ಫೋಲಿಕ್ ಆಸಿಡ್. ಬಿ12 ಕೊರತೆಯಿದ್ದವರು ಬರೀ ಫೋಲಿಕ್ ಆಸಿಡ್ ತೆಗೆದುಕೊಂಡರೆ ರಕ್ತ ಸುಧಾರಿಸಿದಂತೆ ಕಾಣುತ್ತದೆ, ಒಳಗೊಳಗೇ ನರಗಳಿಗೆ ಹಾನಿ ಮುಂದುವರಿಯುತ್ತದೆ.

ಮೊದಲು ಮಾಡಿಸಬೇಕಾದದ್ದು ಸಂಪೂರ್ಣ ರಕ್ತಕಣ ಎಣಿಕೆ, ಅಂದರೆ ಸಿಬಿಸಿ. ಅದರಲ್ಲಿ ಎರಡು ಸಾಲು ನೋಡಿ. ಹಿಮೋಗ್ಲೋಬಿನ್ ಹೆಂಗಸರಿಗೆ 12, ಗರ್ಭಿಣಿಯರಿಗೆ 11, ಗಂಡಸರಿಗೆ 13 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ. ಇನ್ನೊಂದು ಸಾಲು ಎಂಸಿವಿ, ಕೆಂಪು ರಕ್ತಕಣದ ಗಾತ್ರ. ಅದು 80ಕ್ಕಿಂತ ಕೆಳಗಿದ್ದರೆ ಸಾಮಾನ್ಯವಾಗಿ ಕಬ್ಬಿಣದ ಕೊರತೆ. 100 ದಾಟಿದ್ದರೆ ಬಿ12 ಅಥವಾ ಫೋಲೇಟ್ ಕಡೆ ಸಂಶಯ. ಎರಡೂ ಕೊರತೆ ಒಟ್ಟಿಗಿದ್ದರೆ ಎಂಸಿವಿ ನಡುವೆ ನಿಂತು ಎಲ್ಲ ಸರಿಯಿದೆ ಎಂಬಂತೆ ತೋರುತ್ತದೆ. ಆಗ ಆರ್‌ಡಿಡಬ್ಲ್ಯು ಎಂಬ ಸಾಲು, ಅಂದರೆ ರಕ್ತಕಣಗಳ ಗಾತ್ರ ಒಂದಕ್ಕೊಂದು ಎಷ್ಟು ಬೇರೆ ಎಂಬ ಅಂಕಿ, ಏರಿರುತ್ತದೆ. ಸಸ್ಯಾಹಾರಿ ಹೆಣ್ಣುಮಕ್ಕಳಲ್ಲಿ ಹೀಗೆ ಆಗುವುದುಂಟು, ಡಾಕ್ಟರಿಗೆ ಆ ಸಾಲು ತೋರಿಸಿ ಕೇಳಿ. ಬಿ12 ರಕ್ತದಲ್ಲಿ 200 ಪಿಕೊಗ್ರಾಂಗಿಂತ ಕೆಳಗಿದ್ದರೆ ಕೊರತೆ, 200ರಿಂದ 300 ಅಂಚಿನ ಮಟ್ಟ. ಪಾದ ಜುಮ್ಮೆನ್ನುವುದು, ನಾಲಿಗೆ ಕೆಂಪಗೆ ನುಣ್ಣಗಾಗುವುದು, ಕತ್ತಲಲ್ಲಿ ನಡೆಯುವಾಗ ತೂರಾಡುವುದು ಇದ್ದರೆ ಅಂಚಿನ ಮಟ್ಟವನ್ನೂ ಹಗುರವಾಗಿ ಕಾಣಬಾರದು.

ಹಿಮೋಗ್ಲೋಬಿನ್ ಪರೀಕ್ಷೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಆಗುತ್ತದೆ. ಬಿ12, ವಿಟಮಿನ್ ಡಿ ಪರೀಕ್ಷೆಗೆ ಹೊರಗಿನ ಲ್ಯಾಬಿನಲ್ಲಿ ಖರ್ಚು ಹೆಚ್ಚು. ಹಾಸನದ ಹಿಮ್ಸ್ (ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ) ಅಥವಾ ಚಿಕ್ಕಮಗಳೂರಿನ ಜಿಲ್ಲಾ ಆಸ್ಪತ್ರೆಯ ಒಪಿಡಿಯಲ್ಲಿ ಮೊದಲು ತೋರಿಸಿ, ಯಾವ ಪರೀಕ್ಷೆ ನಿಜವಾಗಿಯೂ ಬೇಕು ಎಂದು ತಿಳಿದುಕೊಂಡು ಮುಂದುವರಿಯಿರಿ.

ಇನ್ನೊಂದು ಮಾತು. ಗಂಡಸರಿಗೆ ಅಥವಾ ಮುಟ್ಟು ನಿಂತವರಿಗೆ ಕಬ್ಬಿಣದ ಕೊರತೆ ಕಂಡರೆ ಮಾತ್ರೆ ತಿಂದು ಸುಮ್ಮನಾಗಬೇಡಿ. ಎಲ್ಲೋ ರಕ್ತ ಹೋಗುತ್ತಿರಬಹುದು: ಮೂಲವ್ಯಾಧಿ, ಹೊಟ್ಟೆಯ ಹುಣ್ಣು, ಕರುಳಿನ ಗಡ್ಡೆ. ತೋಟದ ಒದ್ದೆ ಮಣ್ಣಿನಲ್ಲಿ ಬರಿಗಾಲಲ್ಲಿ ಓಡಾಡುವವರಿಗೆ ಕೊಕ್ಕೆಹುಳು ಪಾದದ ಚರ್ಮದಿಂದಲೇ ಒಳಸೇರಿ ಕರುಳಿನಲ್ಲಿ ಕೂತು ರಕ್ತ ಹೀರುತ್ತದೆ. ಹುಳ ಹೋಗದೆ ಎಷ್ಟು ಕಬ್ಬಿಣ ತಿಂದರೂ ತೂತು ಕೊಡಕ್ಕೆ ನೀರು ಹೊಯ್ದಂತೆ. ಅದಕ್ಕೆ ಆಲ್ಬೆಂಡಜೋಲ್ 400 ಮಿಲಿಗ್ರಾಂ ಮಾತ್ರೆ ಸರ್ಕಾರಿ ಆಸ್ಪತ್ರೆಗಳಲ್ಲೇ ಸಿಗುತ್ತದೆ.

ಸ್ಟ್ರಿಪ್ಪಿನ ಹಿಂಬದಿ ಓದುವುದು

ಇದನ್ನು ಕಲಿತರೆ ಅರ್ಧ ಕೆಲಸ ಮುಗಿದಂತೆ. ಖನಿಜವನ್ನು ಹಾಗೇ ಮಾತ್ರೆಗೆ ಹಾಕುವುದಿಲ್ಲ. ಲವಣದ ರೂಪದಲ್ಲಿ ಹಾಕುತ್ತಾರೆ. ಕೆಲವು ಕಂಪನಿಗಳು ಲವಣದ ತೂಕ ಬರೆಯುತ್ತವೆ, ಕೆಲವು ಅದರೊಳಗಿನ ಖನಿಜದ ತೂಕ. ಖನಿಜದ ತೂಕಕ್ಕೆ ಸ್ಟ್ರಿಪ್ಪಿನಲ್ಲಿ ‘ಎಲಿಮೆಂಟಲ್’ ಎಂಬ ಪದ ಇರುತ್ತದೆ. ನಮಗೆ ಬೇಕಾದದ್ದು ಅದೊಂದೇ ಅಂಕಿ.

ಕ್ಯಾಲ್ಸಿಯಂ ಕಾರ್ಬೊನೇಟ್‌ನಲ್ಲಿ ಕ್ಯಾಲ್ಸಿಯಂ ಶೇ 40. ಅಂದರೆ 1250 ಮಿಲಿಗ್ರಾಂ ಕಾರ್ಬೊನೇಟ್ ಎಂದಿದ್ದರೆ ಸಿಗುವುದು 500. ಕ್ಯಾಲ್ಸಿಯಂ ಸಿಟ್ರೇಟ್‌ನಲ್ಲಿ ಶೇ 21 ಮಾತ್ರ. 1000 ಎಂದು ದಪ್ಪಕ್ಷರದಲ್ಲಿ ಬರೆದಿದ್ದರೂ ಒಳಗಿರುವುದು 210. ಫೆರಸ್ ಫ್ಯೂಮರೇಟ್‌ನಲ್ಲಿ ಕಬ್ಬಿಣ ಸುಮಾರು ಶೇ 33, ಫೆರಸ್ ಗ್ಲುಕೊನೇಟ್‌ನಲ್ಲಿ ಸುಮಾರು 12. ಫೆರಸ್ ಆಸ್ಕಾರ್ಬೇಟ್ ಸ್ಟ್ರಿಪ್ಪಿನಲ್ಲಿ ಸಾಮಾನ್ಯವಾಗಿ ‘ಎಲಿಮೆಂಟಲ್ ಐರನ್ 100 ಮಿಲಿಗ್ರಾಂ’ಗೆ ಸಮ ಎಂದು ನೇರವಾಗಿಯೇ ಇರುತ್ತದೆ. ಜಿಂಕ್ ಸಲ್ಫೇಟ್ ಮೊನೊಹೈಡ್ರೇಟ್ 61.8 ಮಿಲಿಗ್ರಾಂ ಎಂದು ಕಂಡರೆ ಗಾಬರಿ ಬೇಡ, ಅದರಲ್ಲಿ ಜಿಂಕ್ ಇರುವುದು ಸುಮಾರು 22.5. ವಿಟಮಿನ್ ಡಿಗೆ ಐಯು ಅಳತೆ. 40 ಐಯು ಎಂದರೆ 1 ಮೈಕ್ರೊಗ್ರಾಂ.

ಈ ಲೆಕ್ಕ ಬಂದರೆ ಬೆಲೆ ಹೋಲಿಸುವುದೂ ಬರುತ್ತದೆ. ಸ್ಟ್ರಿಪ್ಪಿನ ಬೆಲೆಯನ್ನು ಮಾತ್ರೆಯ ಸಂಖ್ಯೆಯಿಂದ ಭಾಗಿಸಿ, ಆಮೇಲೆ ಒಂದು ಮಾತ್ರೆಯಲ್ಲಿರುವ ಎಲಿಮೆಂಟಲ್ ಪ್ರಮಾಣದಿಂದ ಭಾಗಿಸಿ. ನಾಲ್ಕು ಪಟ್ಟು ದುಬಾರಿಯಾದ ಮಾತ್ರೆಯಲ್ಲಿ ಅರ್ಧದಷ್ಟೂ ಖನಿಜ ಇಲ್ಲದಿರುವುದು ಆಗ ಕಣ್ಣಿಗೆ ಬೀಳುತ್ತದೆ. ಬಿಡಿ ಮಾತ್ರೆಗಳು ಜನೌಷಧಿ ಕೇಂದ್ರಗಳಲ್ಲಿ ಹೊರಗಿಗಿಂತ ಸಾಕಷ್ಟು ಅಗ್ಗ. ಲವಣದ ಹೆಸರು ಚೀಟಿಯಲ್ಲಿ ಬರೆದುಕೊಂಡು ಹೋದರೆ ಕೇಳುವುದು ಸುಲಭ.

ಸ್ಟ್ರಿಪ್ಪಿನ ಅಥವಾ ಬಾಟಲಿಯ ಮೇಲೆ 14 ಅಂಕಿಯ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆಯ ಕೇಂದ್ರ ಪ್ರಾಧಿಕಾರ) ಸಂಖ್ಯೆ ಇದ್ದರೆ ಅದು ಆಹಾರದ ಲೈಸೆನ್ಸಿನಲ್ಲಿ ತಯಾರಾದದ್ದು, ಔಷಧಿಯಲ್ಲ. ಔಷಧಿಯ ಸ್ಟ್ರಿಪ್ಪಿನಲ್ಲಿ ಔಷಧ ತಯಾರಿಕೆಯ ಲೈಸೆನ್ಸ್ ನಂಬರ್ ಇರುತ್ತದೆ. ಕೊರತೆಗೆ ಚಿಕಿತ್ಸೆ ಬೇಕಿದ್ದರೆ ಎರಡನೆಯದನ್ನೇ ಕೇಳಿ ತೆಗೆದುಕೊಳ್ಳಿ.

ಒಂದೇ ಮಾತ್ರೆ ಎಲ್ಲಿ ಸೋಲುತ್ತದೆ

ಮೊದಲ ಕಾರಣ ಬರೀ ಜಾಗ. ದಿನದ 1000 ಮಿಲಿಗ್ರಾಂ ಕ್ಯಾಲ್ಸಿಯಂಗೆ ಎರಡೂವರೆ ಗ್ರಾಂ ಕಾರ್ಬೊನೇಟ್ ಬೇಕು. ಅಷ್ಟನ್ನು ಒಂದು ಮಾತ್ರೆಗೆ ತುಂಬಿದರೆ ಯಾರ ಗಂಟಲಲ್ಲೂ ಇಳಿಯುವುದಿಲ್ಲ. ಅದಕ್ಕೇ ಮಲ್ಟಿವಿಟಮಿನ್‌ನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಹೆಸರಿಗಷ್ಟೇ ಇರುತ್ತವೆ. ಮೂಳೆಗೆಂದು ಅದನ್ನು ಕೊಳ್ಳುವುದರಲ್ಲಿ ಅರ್ಥವಿಲ್ಲ.

ಎರಡನೆಯದು ಒಳಜಗಳ. ಕ್ಯಾಲ್ಸಿಯಂ ಮತ್ತು ಕಬ್ಬಿಣ ಒಟ್ಟಿಗೆ ಕರುಳಿಗೆ ಇಳಿದರೆ ಕಬ್ಬಿಣ ಹೀರಿಕೆಯಾಗುವುದು ಕಡಿಮೆಯಾಗುತ್ತದೆ. ಖಾಲಿ ಹೊಟ್ಟೆಯಲ್ಲಿ ಕಬ್ಬಿಣ 25 ಮಿಲಿಗ್ರಾಂ ದಾಟಿದರೆ ಅದು ಜಿಂಕನ್ನು ತಡೆಯುತ್ತದೆ. ಜಿಂಕ್ ಹೆಚ್ಚಾಗಿ ವಾರಗಟ್ಟಲೆ ಹೋದರೆ ತಾಮ್ರ ಕಡಿಮೆಯಾಗುತ್ತದೆ. ದಿನಕ್ಕೆ 50 ಮಿಲಿಗ್ರಾಂ ಮಟ್ಟದಲ್ಲಿ ಇದು ಆಗುತ್ತದೆ. ಒಂದೇ ಮಾತ್ರೆಯಲ್ಲಿ ಎಲ್ಲವೂ ಇರುವುದು ಕಾಗದದ ಮೇಲೆ ಚಂದ, ಕರುಳಿನಲ್ಲಿ ಅಲ್ಲ.

ಮೂರನೆಯದು ಪ್ರಮಾಣ. ರಕ್ತಹೀನತೆಗೆ ದಿನಕ್ಕೆ 60ರಿಂದ 120 ಮಿಲಿಗ್ರಾಂ ಕಬ್ಬಿಣ ಕೊಡುವುದು ವಾಡಿಕೆ. ಮಲ್ಟಿವಿಟಮಿನ್‌ನಲ್ಲಿ ಅದು ಇರುವುದೇ ಇಲ್ಲ ಅಥವಾ ಹತ್ತಿಪ್ಪತ್ತು ಮಿಲಿಗ್ರಾಂ ಇರುತ್ತದೆ. ಬಿ12 ಕೊರತೆಗೆ ಬಾಯಿಂದ ಕೊಡುವುದಾದರೆ ದಿನಕ್ಕೆ 1000 ಮೈಕ್ರೊಗ್ರಾಂ ಆಸುಪಾಸು ಬೇಕು. ಬೇಕಾದದ್ದು 2.2, ಕೊಡುವುದು 1000, ಏಕೆ? ಹೊಟ್ಟೆಯಲ್ಲಿ ಬಿ12 ಹಿಡಿದು ಒಳಗೆ ಸಾಗಿಸುವ ಒಂದು ಪ್ರೋಟೀನ್ ಇದೆ, ಅದು ಒಂದು ಸಲಕ್ಕೆ ಒಯ್ಯುವುದು ಸ್ವಲ್ಪವೇ. ಉಳಿದದ್ದರಲ್ಲಿ ನೂರಕ್ಕೆ ಒಂದು ಪಾಲಷ್ಟು ತಾನಾಗಿ ಒಳಸೇರುತ್ತದೆ. ದೊಡ್ಡ ಪ್ರಮಾಣ ಕೊಡುವುದು ಆ ಒಂದು ಪಾಲಿಗಾಗಿ. ಶುಗರಿಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಿಗೆ, ದಿನಾ ಬೆಳಗ್ಗೆ ಗ್ಯಾಸ್ ಮಾತ್ರೆ (ಪ್ಯಾಂಟೊಪ್ರಜೋಲ್ ಥರದ್ದು) ನುಂಗುವವರಿಗೆ ಬಿ12 ಕುಸಿಯುವ ಸಾಧ್ಯತೆ ಹೆಚ್ಚು, ಅವರು ವರ್ಷಕ್ಕೊಮ್ಮೆ ನೋಡಿಸುವುದು ಒಳ್ಳೆಯದು.

ಕೂಡಿದ್ದೇ ಚೆನ್ನಾಗಿರುವ ಜೋಡಿಗಳು

ಎಲ್ಲ ಕೂಡಿಕೆಯೂ ಕೆಟ್ಟದ್ದಲ್ಲ. ಒಂದೇ ಕೆಲಸಕ್ಕೆ ಹೆಗಲು ಕೊಡುವ ಎರಡು ಮೂರನ್ನು ಕೂಡಿಸಿದ ಮಾತ್ರೆಗಳು ನಿಜಕ್ಕೂ ಉಪಯುಕ್ತ. ಸರ್ಕಾರ ಕೊಡುವ ಕಬ್ಬಿಣ ಮತ್ತು ಫೋಲಿಕ್ ಆಸಿಡ್ ಮಾತ್ರೆ ಇದಕ್ಕೆ ಒಳ್ಳೆಯ ಉದಾಹರಣೆ. 2018ರಲ್ಲಿ ಶುರುವಾದ ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮದಲ್ಲಿ ಗರ್ಭಿಣಿಯರಿಗೆ ನಾಲ್ಕನೇ ತಿಂಗಳಿಂದ ದಿನಕ್ಕೊಂದರಂತೆ 180 ದಿನ ಕೆಂಪು ಮಾತ್ರೆ, ಹೆರಿಗೆಯಾದ ಮೇಲೆ ಮತ್ತೆ 180 ದಿನ. ಒಂದರಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೊಗ್ರಾಂ ಫೋಲಿಕ್ ಆಸಿಡ್. ಹೈಸ್ಕೂಲು, ಕಾಲೇಜು ಮಕ್ಕಳಿಗೆ ವಾರಕ್ಕೊಂದು ನೀಲಿ ಮಾತ್ರೆ, ಪ್ರಮಾಣ ಅದೇ. 5ರಿಂದ 9 ವರ್ಷದವರಿಗೆ ವಾರಕ್ಕೊಂದು ಗುಲಾಬಿ ಮಾತ್ರೆ, 45 ಮಿಲಿಗ್ರಾಂ ಕಬ್ಬಿಣ. ಆಶಾ ಕಾರ್ಯಕರ್ತೆ ತಂದುಕೊಡುವ ಈ ಮಾತ್ರೆ ಕಳಪೆ ಎಂದು ಮೂಲೆಗಿಟ್ಟು, ಅಂಗಡಿಯಿಂದ ಅದಕ್ಕಿಂತ ಕಡಿಮೆ ಕಬ್ಬಿಣದ ದುಬಾರಿ ಸಿರಪ್ ತರುವ ಮನೆಗಳು ಕಡಿಮೆಯಿಲ್ಲ. ಪುಕ್ಕಟೆ ಬಂದದ್ದು ಎಂಬುದೊಂದೇ ಅದರ ತಪ್ಪು. ಮಾತ್ರೆಯಲ್ಲಿರುವುದು ಅದೇ ಕಬ್ಬಿಣ.

ಕ್ಯಾಲ್ಸಿಯಂ ಜೊತೆ ವಿಟಮಿನ್ ಡಿ3 ಇನ್ನೊಂದು ಒಳ್ಳೆಯ ಜೋಡಿ, ಡಿ ಇಲ್ಲದೆ ಕರುಳು ಕ್ಯಾಲ್ಸಿಯಂ ಸರಿಯಾಗಿ ಎಳೆದುಕೊಳ್ಳುವುದಿಲ್ಲ. ಗರ್ಭಿಣಿಯರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಕೊಡುವುದೂ ಇದೇ: 500 ಮಿಲಿಗ್ರಾಂ ಕ್ಯಾಲ್ಸಿಯಂ, 250 ಐಯು ಡಿ3, ದಿನಕ್ಕೆ ಎರಡು ಮಾತ್ರೆ. ಆದರೆ ಡಿ ತೀರಾ ಕಡಿಮೆಯಿರುವವರಿಗೆ ಈ 250, 500 ಐಯು ಸಾಲುವುದಿಲ್ಲ. ಅವರಿಗೆ ಹೆಚ್ಚು ಪ್ರಮಾಣದ ಡಿ ಇರುವ ಸ್ಯಾಚೆ (ಪುಡಿಯ ಪೊಟ್ಟಣ) ಬೇರೆಯಾಗಿ ಬೇಕು. ಬಿ ಗುಂಪಿನ ವಿಟಮಿನ್‌ಗಳು ಒಟ್ಟಿಗಿದ್ದರೂ ಕಾದಾಡುವುದಿಲ್ಲ, ಹಾಗಾಗಿ ಬಿ ಕಾಂಪ್ಲೆಕ್ಸ್ ಕೂಡಿಕೆಯೇ ಸರಿ. ಮೂತ್ರ ಗಾಢ ಹಳದಿಯಾದರೆ ಹೆದರಬೇಡಿ, ಅದು ಬಿ2ರ ಬಣ್ಣ.

ಒಂದು ಕೂಡಿಕೆಯ ಬಗ್ಗೆ ಮಾತ್ರ ಬಲವಾಗಿ ಎಚ್ಚರಿಸಬೇಕು. ‘ನರದ ಮಾತ್ರೆ’ ಎಂದು ಕರೆಯುವ ಕ್ಯಾಪ್ಸೂಲ್‌ಗಳಲ್ಲಿ ಮಿಥೈಲ್‌ಕೊಬಾಲಮಿನ್ ಜೊತೆ ಪ್ರೆಗಾಬಲಿನ್ ಅಥವಾ ಗಾಬಾಪೆಂಟಿನ್ ಸೇರಿರುವುದು ಬಹಳ. ಮಿಥೈಲ್‌ಕೊಬಾಲಮಿನ್ ಅಂದರೆ ಬಿ12. ಇನ್ನೊಂದು ವಿಟಮಿನ್ನೇ ಅಲ್ಲ, ನರದ ನೋವಿಗೆ ಕೊಡುವ ಔಷಧಿ. ತಲೆ ಸುತ್ತು, ಮಂಪರು ತರುತ್ತದೆ. ವಯಸ್ಸಾದವರು ರಾತ್ರಿ ಎದ್ದು ಬಚ್ಚಲಿಗೆ ಹೋಗುವಾಗ ಬೀಳುತ್ತಾರೆ. ತಿಂಗಳುಗಟ್ಟಲೆ ತಿಂದು ಥಟ್ಟನೆ ನಿಲ್ಲಿಸಿದರೂ ತೊಂದರೆ ಕೊಡುತ್ತದೆ. ಬಿ12 ಕಡಿಮೆ ಎಂದು ಡಾಕ್ಟರ್ ಹೇಳಿದ್ದರೆ ಬಿ12 ಮಾತ್ರ ಇರುವ ಮಾತ್ರೆ ಕೇಳಿ. ಹಳೆಯ ಖಾಲಿ ಸ್ಟ್ರಿಪ್ ತೋರಿಸಿ ‘ಇದೇ ಥರದ್ದು ಕೊಡಿ’ ಅನ್ನುವ ಮೊದಲು ಹಿಂಬದಿ ಓದಿ.

ಹೊತ್ತು ಹೊಂದಿಸುವುದು

ಬೇರೆ ಬೇರೆ ಮಾತ್ರೆ ಆರಿಸಿದವರಿಗೆ ಕಷ್ಟ ಬರುವುದು ಇಲ್ಲಿ. ಕಬ್ಬಿಣ ಖಾಲಿ ಹೊಟ್ಟೆಯಲ್ಲಿ, ಅಂದರೆ ಊಟಕ್ಕೆ ಒಂದು ಗಂಟೆ ಮೊದಲು ಅಥವಾ ಎರಡು ಗಂಟೆ ನಂತರ, ಚೆನ್ನಾಗಿ ಹತ್ತುತ್ತದೆ. ಕ್ಯಾಲ್ಸಿಯಂ ಕಾರ್ಬೊನೇಟ್ ಕರಗಲು ಹೊಟ್ಟೆಯ ಆಮ್ಲ ಬೇಕು, ಆದ್ದರಿಂದ ಊಟದ ಜೊತೆಗೇ. ಒಂದು ಸಲಕ್ಕೆ 500 ಮಿಲಿಗ್ರಾಂ ಮೀರಬೇಡಿ, ಮೀರಿದರೆ ಹೀರಿಕೆಯ ಪಾಲು ಇಳಿಯುತ್ತದೆ. ಗ್ಯಾಸ್ ಮಾತ್ರೆ ದಿನಾ ತೆಗೆದುಕೊಳ್ಳುವವರಿಗೆ ಆಮ್ಲವೇ ಕಡಿಮೆ, ಅವರಿಗೆ ಸಿಟ್ರೇಟ್ ವಾಸಿ. ವಿಟಮಿನ್ ಡಿ ಕೊಬ್ಬಿನಲ್ಲಿ ಕರಗುವಂಥದ್ದು. ತುಪ್ಪವೋ ಎಣ್ಣೆಯೋ ಇರುವ ಮಧ್ಯಾಹ್ನದ ಊಟದ ಜೊತೆ ಚೆನ್ನ. ಕಬ್ಬಿಣಕ್ಕೂ ಕ್ಯಾಲ್ಸಿಯಂಗೂ ಎರಡು ಗಂಟೆ ಅಂತರ. ಥೈರಾಯ್ಡ್ ಮಾತ್ರೆಗೂ ಇವೆರಡಕ್ಕೂ ನಾಲ್ಕು ಗಂಟೆ.

ಥೈರಾಯ್ಡ್, ಕಬ್ಬಿಣ, ಕ್ಯಾಲ್ಸಿಯಂ ಮೂರೂ ಇರುವ ಒಬ್ಬ ಹೆಂಗಸಿನ ದಿನ ಹೀಗೆ ಹೊಂದುತ್ತದೆ. ಬೆಳಗ್ಗೆ 6ಕ್ಕೆ ಥೈರಾಯ್ಡ್ ಮಾತ್ರೆ, ಬರೀ ನೀರಲ್ಲಿ. 7ಕ್ಕೆ ಕಾಫಿ. 8.30ಕ್ಕೆ ತಿಂಡಿ. 11ಕ್ಕೆ ಕಬ್ಬಿಣದ ಮಾತ್ರೆ, ಒಂದು ಲೋಟ ನಿಂಬೆ ಪಾನಕದಲ್ಲಿ. ತೋಟದ ಕೆಲಸದವರಿಗೆ ಆ ಹೊತ್ತಿಗೆ ಟೀ ಬರುವುದಾದರೆ ಟೀ ಮೊದಲೇ, 10ರ ಒಳಗೆ ಮುಗಿಯಲಿ. 1.30ಕ್ಕೆ ಊಟ, ಜೊತೆಗೆ ಮೊದಲ ಕ್ಯಾಲ್ಸಿಯಂ. 4.30ಕ್ಕೆ ಕಾಫಿ. ರಾತ್ರಿ 8ಕ್ಕೆ ಊಟ, ಎರಡನೇ ಕ್ಯಾಲ್ಸಿಯಂ. ಥೈರಾಯ್ಡ್ ಇಲ್ಲದವರಿಗೆ ಇಷ್ಟು ಕಷ್ಟವಿಲ್ಲ: ತಿಂಡಿಗೂ ಮಧ್ಯಾಹ್ನದ ಊಟಕ್ಕೂ ಕ್ಯಾಲ್ಸಿಯಂ, ರಾತ್ರಿ ಊಟವಾಗಿ ಎರಡು ಗಂಟೆಗೆ ಕಬ್ಬಿಣ.

ಡಾಕ್ಸಿಸೈಕ್ಲಿನ್, ಸಿಪ್ರೊಫ್ಲಾಕ್ಸಾಸಿನ್‌ನಂಥ ಆಂಟಿಬಯೋಟಿಕ್ ನಡೆಯುವಾಗ ಕಬ್ಬಿಣ, ಕ್ಯಾಲ್ಸಿಯಂ, ಜಿಂಕ್ ಆ ಔಷಧಿಗೆ ಅಂಟಿಕೊಂಡು ಅದನ್ನು ನಿಷ್ಫಲ ಮಾಡುತ್ತವೆ. ಆ ಐದಾರು ದಿನ ಖನಿಜದ ಮಾತ್ರೆ ನಿಲ್ಲಿಸಬಹುದೇ ಎಂದು ಡಾಕ್ಟರನ್ನು ಕೇಳಿ. ಅಂತರ ಹೊಂದಿಸುವ ತಾಪತ್ರಯಕ್ಕಿಂತ ಅದು ಸುಲಭ.

ಕಬ್ಬಿಣದಿಂದ ಹೊಟ್ಟೆ ತೊಳಸುತ್ತದೆ, ಮಲ ಕಟ್ಟುತ್ತದೆ. ಹೆಚ್ಚಿನವರು ಮಾತ್ರೆ ಬಿಡುವುದು ಇದಕ್ಕೇ, ಬಿಟ್ಟದ್ದನ್ನು ಡಾಕ್ಟರಿಗೂ ಹೇಳುವುದಿಲ್ಲ. ಬಿಡುವ ಬದಲು ಸ್ವಲ್ಪ ಊಟದ ಜೊತೆ ತೆಗೆದುಕೊಳ್ಳಿ, ಹೀರಿಕೆ ಕಡಿಮೆಯಾದರೂ ಬಿಡುವುದಕ್ಕಿಂತ ಎಷ್ಟೋ ಮೇಲು. ಅಥವಾ ದಿನ ಬಿಟ್ಟು ದಿನ ತೆಗೆದುಕೊಳ್ಳಬಹುದೇ ಎಂದು ಕೇಳಿ. ದೊಡ್ಡ ಪ್ರಮಾಣದ ಕಬ್ಬಿಣ ಒಳಹೋದೊಡನೆ ಹೆಪ್ಸಿಡಿನ್ ಎಂಬ ಹಾರ್ಮೋನ್ ಏರಿ ಸುಮಾರು ಒಂದು ದಿನ ಕರುಳಿನ ಬಾಗಿಲು ಹಾಕಿಬಿಡುತ್ತದೆ, ಹಾಗಾಗಿ ಮರುದಿನದ ಮಾತ್ರೆ ಅಷ್ಟಾಗಿ ಹತ್ತುವುದಿಲ್ಲ ಎಂದು ಅಧ್ಯಯನಗಳು ತೋರಿಸಿವೆ. ಗರ್ಭಿಣಿಯರು ಮಾತ್ರ ಇದನ್ನು ತಾವೇ ನಿರ್ಧರಿಸಬಾರದು. ಮಲ ಕಪ್ಪಾಗುವುದು ಸಹಜ. ಟಾರಿನಂತೆ ಜಿಗುಟಾಗಿ ನಾರಿದರೆ ಮಾತ್ರ ಅದು ರಕ್ತವಿರಬಹುದು, ತಡ ಮಾಡದೆ ತೋರಿಸಿ. ಹಿಮೋಗ್ಲೋಬಿನ್ ಸರಿಯಾದ ತಕ್ಷಣ ನಿಲ್ಲಿಸಿದರೆ ಮತ್ತೆ ಮೊದಲಿನ ಸ್ಥಿತಿಗೆ ಬರಬಹುದು. ರಕ್ತ ತುಂಬಿದ ಮೇಲೆ ಮೈಯೊಳಗಿನ ದಾಸ್ತಾನು ತುಂಬಲು ಇನ್ನೂ ಮೂರು ತಿಂಗಳು ಬೇಕು.

ಮೀರಿದರೆ ಕೆಡುವಂಥವು

ನೀರಿನಲ್ಲಿ ಕರಗುವ ವಿಟಮಿನ್ ಹೆಚ್ಚಾದರೆ ಬಹುಪಾಲು ಮೂತ್ರದಲ್ಲಿ ಹೋಗುತ್ತದೆ. ಎ ಮತ್ತು ಡಿ ಹಾಗಲ್ಲ, ಮೈಯಲ್ಲಿ ಕೂಡಿಟ್ಟುಕೊಳ್ಳುತ್ತವೆ. 60,000 ಐಯು ವಿಟಮಿನ್ ಡಿ ಸ್ಯಾಚೆಯನ್ನು ಸಾಮಾನ್ಯವಾಗಿ ವಾರಕ್ಕೊಂದರಂತೆ ಎಂಟು ವಾರ ಬರೆಯುತ್ತಾರೆ. ಚೀಟಿಯಲ್ಲಿ ವಾರಕ್ಕೊಮ್ಮೆ ಎಂದಿದ್ದದ್ದು ಮನೆಗೆ ಬಂದಮೇಲೆ ದಿನಕ್ಕೊಮ್ಮೆ ಆಗಿಬಿಡುತ್ತದೆ. ಆಗ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ವಿಪರೀತ ಬಾಯಾರಿಕೆ, ಗೊಂದಲ, ಕೊನೆಗೆ ಮೂತ್ರಪಿಂಡಕ್ಕೆ ಪೆಟ್ಟು. ಸ್ಯಾಚೆ ತಂದ ದಿನವೇ ಕ್ಯಾಲೆಂಡರಿನಲ್ಲಿ ಎಂಟು ಭಾನುವಾರಗಳಿಗೆ ಗುರುತು ಹಾಕಿ, ತೆಗೆದುಕೊಂಡಾಗ ಒಂದೊಂದೇ ಹೊಡೆದುಹಾಕಿ. ಎಂಟು ವಾರ ಮುಗಿದ ಮೇಲೆ ಅದೇ ಚೀಟಿ ಹಿಡಿದು ಮತ್ತೆ ತರುವುದು ಬೇಡ.

ಗರ್ಭಿಣಿಯರು ವಿಟಮಿನ್ ಎ (ರೆಟಿನಾಲ್) ದಿನಕ್ಕೆ 10,000 ಐಯು ಮೀರಿದರೆ ಮಗುವಿನ ಅಂಗಗಳಿಗೆ ತೊಂದರೆಯಾಗಬಹುದು. ಸಾಮಾನ್ಯ ಮಲ್ಟಿವಿಟಮಿನ್ ಬದಲು ಗರ್ಭಿಣಿಯರಿಗೆಂದೇ ಡಾಕ್ಟರ್ ಬರೆದದ್ದನ್ನೇ ತೆಗೆದುಕೊಳ್ಳಲಿ. ಬೀಡಿ, ಸಿಗರೇಟು ಸೇದುವವರು ಬೀಟಾ ಕ್ಯಾರೊಟಿನ್ ಹೆಚ್ಚಿರುವ ‘ಆಂಟಿಆಕ್ಸಿಡೆಂಟ್’ ಕ್ಯಾಪ್ಸೂಲ್ ಬಿಡಬೇಕು. ಅವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚಾದದ್ದು 1994 ಮತ್ತು 1996ರಲ್ಲಿ ಪ್ರಕಟವಾದ ಎರಡು ದೊಡ್ಡ ಪ್ರಯೋಗಗಳಲ್ಲಿ ಕಂಡಿದೆ. ರಕ್ತ ತೆಳುವಾಗಲು ವಾರ್ಫರಿನ್ ಅಥವಾ ಅಸಿನೊಕೌಮರಾಲ್ ತೆಗೆದುಕೊಳ್ಳುವವರು ವಿಟಮಿನ್ ಕೆ ಸೇರಿದ ಕ್ಯಾಲ್ಸಿಯಂ ಮಾತ್ರೆ ಡಾಕ್ಟರಿಗೆ ಹೇಳದೆ ಶುರು ಮಾಡಬಾರದು. ಮೂತ್ರಪಿಂಡದ ಕಾಯಿಲೆ ಇರುವವರಿಗೆ ಮೆಗ್ನೀಸಿಯಂ, ಎ, ಡಿ ಮೂರರಲ್ಲೂ ಅಪಾಯ. ಕೂದಲಿಗೆಂದು ಬಯೋಟಿನ್ ತಿನ್ನುವವರು ಥೈರಾಯ್ಡ್ ಪರೀಕ್ಷೆಗೆ ಹೋಗುವಾಗ ಅದನ್ನು ತಿಳಿಸಬೇಕು. ದೊಡ್ಡ ಪ್ರಮಾಣದ ಬಯೋಟಿನ್ ಪರೀಕ್ಷೆಯ ಅಂಕಿಯನ್ನೇ ತಪ್ಪಿಸುತ್ತದೆ, ಎರಡು ದಿನ ಮೊದಲೇ ನಿಲ್ಲಿಸುವುದು ಕ್ಷೇಮ.

ಮನೆಯಲ್ಲಿ ಎರಡು ಮೂರು ಸ್ಟ್ರಿಪ್ ನಡೆಯುತ್ತಿದ್ದರೆ ಒಂದು ಹಾಳೆ ತೆಗೆದುಕೊಂಡು ಅಡ್ಡ ಸಾಲಿನಲ್ಲಿ ಮಾತ್ರೆಗಳ ಹೆಸರು, ಉದ್ದಕ್ಕೆ ಕಬ್ಬಿಣ, ಕ್ಯಾಲ್ಸಿಯಂ, ಜಿಂಕ್, ಎ, ಡಿ, ಬಿ6 ಎಂದು ಬರೆದು ಕೂಡಿಸಿ. ಡಾಕ್ಟರ್ ಹೇಳದೆ ನಾವೇ ತೆಗೆದುಕೊಳ್ಳುವುದಾದರೆ ದಿನಕ್ಕೆ ಜಿಂಕ್ 40 ಮಿಲಿಗ್ರಾಂ, ಕಬ್ಬಿಣ 45 ಮಿಲಿಗ್ರಾಂ, ವಿಟಮಿನ್ ಡಿ 4000 ಐಯು ದಾಟಬಾರದು, ಊಟದಲ್ಲಿ ಬರುವುದೂ ಸೇರಿ. ಬಿ6 ವರ್ಷಗಟ್ಟಲೆ ಹೆಚ್ಚಾಗಿ ಹೋದರೆ ಪಾದ ಜುಮ್ಮೆನ್ನುತ್ತದೆ. ಅದನ್ನು ಬಿ12 ಕೊರತೆ ಎಂದುಕೊಂಡು ಮತ್ತೆ ಬಿ6 ಇರುವ ಮಾತ್ರೆಯನ್ನೇ ನುಂಗುವುದು ನಡೆಯುತ್ತದೆ. ಆ ಹಾಳೆಯನ್ನು ಡಾಕ್ಟರ್ ಬಳಿ ಹೋಗುವಾಗ ಜೇಬಿನಲ್ಲಿಟ್ಟುಕೊಂಡು ಹೋಗಿ.

ಮಳೆಗಾಲದಲ್ಲಿ ಇಡುವ ಜಾಗ

ಸಕಲೇಶಪುರ, ಮೂಡಿಗೆರೆಯ ಮಳೆಗಾಲದಲ್ಲಿ ಉಪ್ಪಿನ ಡಬ್ಬಿಯೇ ನೀರಾಗುತ್ತದೆ, ಮಾತ್ರೆ ಕೇಳಬೇಕೆ. ಸ್ಟ್ರಿಪ್ಪಿನಿಂದ ಬಿಡಿಸಿ ಡಬ್ಬಿಗೆ ತುಂಬಬೇಡಿ. ಬಾಟಲಿಯ ಮಾತ್ರೆಗಿಂತ ಸ್ಟ್ರಿಪ್ಪಿನದ್ದು ಇಲ್ಲಿಗೆ ವಾಸಿ. ಬಾಟಲಿಯೇ ಆದರೆ ಒಳಗಿನ ಸಿಲಿಕಾ ಪೊಟ್ಟಣ ಬಿಸಾಡದೆ, ಮುಚ್ಚಳ ಬಿಗಿಯಾಗಿ ಹಾಕಿ. ಒಲೆಯ ಮೇಲಿನ ಗೂಡು, ಬಚ್ಚಲ ಪಕ್ಕದ ಗೋಡೆ, ಫ್ರಿಜ್ಜಿನ ತಲೆ ಇವೆಲ್ಲ ಬೇಡ. ಮಲಗುವ ಕೋಣೆಯ ಬೀರು ಆಗುತ್ತದೆ. ಮೆಲ್ಲಗೆ ಮುಟ್ಟಿದರೆ ಪುಡಿಯಾಗುವ, ಬಣ್ಣದ ಹೊದಿಕೆ ಬಿರಿದು ಕಂದು ಚುಕ್ಕೆ ಬಂದ ಕಬ್ಬಿಣದ ಮಾತ್ರೆ ಬಳಸಬೇಡಿ.

ಮಕ್ಕಳ ಕೈಗೆ ಎಟುಕದ ಎತ್ತರ ಇರಲಿ. ಸಕ್ಕರೆ ಹೊದಿಕೆಯ ಕೆಂಪು ಮಾತ್ರೆ ಎರಡು ವರ್ಷದ ಮಗುವಿಗೆ ಪೆಪ್ಪರಮೆಂಟಿನಂತೆಯೇ ಕಾಣುತ್ತದೆ. ಒಂದು ಹಿಡಿ ತಿಂದರೂ ಜೀವಕ್ಕೆ ಅಪಾಯ. ತಿಂದದ್ದು ಗೊತ್ತಾದ ಕೂಡಲೇ, ಮಗು ಆಟವಾಡಿಕೊಂಡಿದ್ದರೂ ಸರಿ, ಖಾಲಿ ಸ್ಟ್ರಿಪ್ ಸಮೇತ ಆಸ್ಪತ್ರೆಗೆ ಹೋಗಬೇಕು. ಮೊದಲು ವಾಂತಿಯಾಗಿ, ಆಮೇಲೆ ಕೆಲವು ಗಂಟೆ ಸುಧಾರಿಸಿದಂತೆ ಕಂಡು, ಮತ್ತೆ ಕುಸಿಯುವುದು ಕಬ್ಬಿಣದ ವಿಷದ ರೀತಿ. ಆ ನಡುವಿನ ಗಂಟೆಗಳಲ್ಲಿ ಮಗು ಸರಿಹೋಯಿತು ಎಂದು ಮನೆಯಲ್ಲೇ ಉಳಿಯಬೇಡಿ.